ಬೆಣ್ಣೆ ಸಂಘದ ಮೊಮ್ಮಗಳು

ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ಬಿಸಿಲಿನಲ್ಲೂ ಪಕ್ಕದ ಮನೆಯ ರಷ್ಯನ್ ಅಜ್ಜಿಯ ಸೊಂಟಕ್ಕೆ ಬೂದುಬಣ್ಣದ ಉಣ್ಣೆ ಶಾಲೊಂದು ಬಿಗಿದಿರುತ್ತಿತ್ತು. ಹಿಂದೆ ಕೋಳಿಮೊಟ್ಟೆ ಗಾತ್ರದ ಗಂಟು. ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಆ ಗಂಟಿನ ಮೇಲೆ. ಹೆರಿಗೆಯಾಗಿ ನಾನು ಮನೆಗೆ ಬಂದಾಗ ಅವ್ವ ನನ್ನ ಹೊಟ್ಟೆಗೆ ತನ್ನ ಹಳೆಯ ಸೀರೆ ಸುತ್ತಿದ್ದಳು. ಅದನ್ನು ಕಂಡು ಅಜ್ಜಿ ಹಿಗ್ಗಿಹೋದರು. ಸೊಂಟ ಕಟ್ಟಬೇಕೆಂದು ತಿಳಿದವರು ಈ ಊರಿನಲ್ಲಿ ತಾವೊಬ್ಬರೇ ಎಂದು ಅಷ್ಟು ದಿನ ನಂಬಿದ್ದರಂತೆ.

ಅವ್ವ ಬಾಣಂತನಕ್ಕೆಂದು ಗದಗ ಸೀಮೆಯಿಂದ ಬಂದವಳು. ಊರಿನಲ್ಲಿ ಹೆಂಗಸರ ಹಾಲಿನ ಸಹಕಾರ ಸಂಘದ ಅಧ್ಯಕ್ಷೆಯಾಗಿದ್ದವಳು. ಅದನ್ನು ಎದುರಿಗೆ ಸಿಕ್ಕವರಿಗೆಲ್ಲ ಹೇಳದಿದ್ದರೆ ಅವಳಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಅಜ್ಜಿಗೆ ಕನ್ನಡ ಬಾರದು, ಅವ್ವನ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ತಂತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಒಂದು ದಿನ ಅವ್ವ ಎದೆ ತಟ್ಟಿಕೊಂಡು "ಸಹಕಾರ, ಸಹಕಾರ" ಎಂದಾಗ ಅಜ್ಜಿ ಥಟ್ಟನೆ ಎದ್ದು ಒಳಗೆ ಹೋಗಿ ಬಟ್ಟಲು ತುಂಬ ಸಕ್ಕರೆ ತಂದುಕೊಟ್ಟರು. ರಷ್ಯನ್ನಿನಲ್ಲಿ ಸಕ್ಕರೆಗೆ ‘ಸಾಖರ್’ ಅನ್ನುತ್ತಾರೆ. ಅವ್ವನಿಗೆ ಅದೆಲ್ಲಿ ಗೊತ್ತು? ತನ್ನ ಅಧ್ಯಕ್ಷಗಿರಿಯ ಸುದ್ದಿಗೆ ಬಾಯಿ ಸಿಹಿ ಮಾಡಿಸುತ್ತಿದ್ದಾರೆ ಎಂದುಕೊಂಡು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಮರ್ಯಾದಿ ಗೊತ್ತಿದ್ದ ಮಂದಿ ನೋಡವಾ" ಎಂದು ನನ್ನೆದುರು ಹೊಗಳಿದ್ದೇ ಹೊಗಳಿದ್ದು.

ಇದು ಆಗಾಗ ನಡೆದು ನಮ್ಮ ಸಕ್ಕರೆ ಡಬ್ಬಿ ತುಂಬಿ ತುಳುಕಿದ ಮೇಲೆ ನಾನು ನಡುವೆ ಬಾಯಿ ಹಾಕಿ, ಅವ್ವ ಹೇಳುತ್ತಿರುವುದು ಸಕ್ಕರೆಯಲ್ಲ, ಕೋಆಪರೇಟಿವ್ ಎಂದು ಬಿಡಿಸಿ ಹೇಳಿದೆ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವ್ವನ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಅವ್ವ ನಾಚಿ ಸೆರಗು ಸರಿಮಾಡಿಕೊಂಡಳು.

"ನನ್ನ ತಾತ ಕೂಡ ಸಂಘ. ನಾವು ಆರ್ಟೆಲ್ ಅನ್ನುತ್ತೇವೆ" ಎಂದರು ಅಜ್ಜಿ. "ಸೈಬೀರಿಯಾದಲ್ಲಿ ಬೆಣ್ಣೆ ಆರ್ಟೆಲ್. ಬೆಣ್ಣೆ ಲಂಡನ್ನಿಗೆ ಹೋಗುತ್ತಿತ್ತು. ತಾತ ಹೋಗಲಿಲ್ಲ."

ಅಂದಿನಿಂದ ಸಂಜೆಗಳೆಲ್ಲ ರಷ್ಯದ ಸಹಕಾರದ ಕಥೆಗೆ ಮೀಸಲಾದವು. ಅಜ್ಜಿ ಹೇಳುವುದು, ನಾನು ಕೂಸಿಗೆ ಹಾಲೂಡಿಸುತ್ತಲೇ ಅವ್ವನಿಗೆ ಕನ್ನಡದಲ್ಲಿ ದಾಟಿಸುವುದು. ರೈಲು ಬಂದ ಮೇಲೆ ಸೈಬೀರಿಯಾದ ಹಳ್ಳಿಗಳವರು ತಮ್ಮ ಹಾಲನ್ನೆಲ್ಲ ಒಂದೆಡೆ ಸೇರಿಸಿ, ಕೆನೆ ತೆಗೆಯುವ ಯಂತ್ರ ತರಿಸಿ, ಬೆಣ್ಣೆ ಮಾಡಿ ಪೀಪಾಯಿಗಳಲ್ಲಿ ತುಂಬಿ ಕಳಿಸುತ್ತಿದ್ದರಂತೆ. ಒಂದು ವರ್ಷ ಮಳೆ ಕೈಕೊಟ್ಟಾಗ ಆ ಯಂತ್ರದ ಗರಗರ ಸದ್ದಿಗೇ ಮೋಡ ಓಡಿಹೋದವೆಂದು ಜನ ಅದನ್ನು ಒಡೆಯಲು ಬಂದರಂತೆ. ಅಜ್ಜಿಯ ತಾತ ಯಂತ್ರವನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟು ತಾನು ಅದರ ಮೇಲೆ ಮಲಗಿಬಿಟ್ಟನಂತೆ.

"ನಮ್ಮೂರಾಗೂ ಹಿಂಗ ಆಗಿತ್ತು ಬಿಡ" ಎಂದಳು ಅವ್ವ. "ಹಾಲಿಗೆ ಮಷೀನ್ ಹಚ್ಚಿದ್ರ ಎಮ್ಮಿ ಬತ್ತತಾವು ಅಂತಿದ್ರು."

ಕಥೆ ಮುಂದೆ ಹೋದಂತೆ ಅಜ್ಜಿಯ ದನಿ ತಗ್ಗಿತು. ಕ್ರಾಂತಿಯಾಗಿ ಹೊಸ ಸರ್ಕಾರ ಬಂದು ಕೆಲವು ವರ್ಷಗಳಾದ ಮೇಲೆ ಒಬ್ಬ ಅಧಿಕಾರಿ ಊರವರನ್ನೆಲ್ಲ ಸೇರಿಸಿ, ಇನ್ನು ಮೇಲೆ ದನ, ಹಾಲು ಎಲ್ಲ ಸರ್ಕಾರ ಹೇಳಿದಂತೆ ಎಂದು ಸಾರಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಯಾರು ಒಪ್ಪಿಲ್ಲ? ಹೊರಗೆ ಬಂದೂಕಿನವರು ನಿಂತಿದ್ದರು. ಒಂದು ಕೈಯೂ ಏಳಲಿಲ್ಲ. ಬಾಗಿಲ ಮೇಲಿನ ಆರ್ಟೆಲ್ ಎಂಬ ಹೆಸರು ಹಾಗೇ ಇತ್ತು, ಬೆಣ್ಣೆ ಮಾತ್ರ ಊರಿನದಾಗಿ ಉಳಿಯಲಿಲ್ಲ. ಎಷ್ಟೋ ಕಾಲದ ನಂತರ ಸರ್ಕಾರವೇ ಮತ್ತೆ ಸಹಕಾರ ಸಂಘಗಳಿಗೆ ಅನುಮತಿ ಕೊಟ್ಟಾಗ ಅಜ್ಜಿ ಗೆಳತಿಯರ ಜೊತೆ ಪರದೆ ಹೊಲಿಯುವ ಸಂಘವೊಂದನ್ನು ಕಟ್ಟಿದರು. ಪ್ರತಿ ಸಭೆಯಲ್ಲೂ ಅದೇ ಪ್ರಶ್ನೆ ಕೇಳುತ್ತಿದ್ದರು. ಯಾರಾದರೂ ಒಬ್ಬರು ತಕರಾರು ತೆಗೆಯುವವರೆಗೆ ಸಭೆ ಮುಗಿಸುತ್ತಿರಲಿಲ್ಲ.

"ಈಗ ಹೊರಗೆ ಬಂದೂಕಿಲ್ಲ" ಎನ್ನುತ್ತಿದ್ದರು. "ಅಂದ ಮೇಲೆ ಬಾಯಿ ಬಿಡಬೇಕು."

ಅವ್ವನ ವೀಸಾ ಮುಗಿಯುತ್ತ ಬಂದಿತ್ತು. ಡೇಕೇರುಗಳಲ್ಲೆಲ್ಲ ವೇಟಿಂಗ್ ಲಿಸ್ಟು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ನಾನು ಸಾಕುವ ಜೀವಕೋಶಗಳಿಗೆ ಬೆಳಗ್ಗೆ ಏಳಕ್ಕೆ ಊಟ ಹಾಕಬೇಕು. ಹಟದಲ್ಲಿ ಅವು ಕೂಸಿಗಿಂತ ಒಂದು ಕೈ ಮೇಲು. ಗಂಡನಿಗೂ ಮೆನ್ಲೋ ಪಾರ್ಕಿನಲ್ಲಿ ಬೆಳಗಿನ ಮೀಟಿಂಗು. ಕೆಲಸ ಬಿಡುವುದೊಂದೇ ದಾರಿ ಎಂದು ನಾನು ಮನಸ್ಸಿನಲ್ಲೇ ರಾಜೀನಾಮೆ ಬರೆದಿದ್ದೆ. ಒಂದು ಸಂಜೆ ಅದನ್ನು ಹೇಳಿಕೊಂಡಾಗ ಅಜ್ಜಿ ಸೀದಾ ಹೋಗಿ ಕಟ್ಟಡದ ಎಳೆಕೂಸಿರುವ ಮನೆಗಳ ಬಾಗಿಲನ್ನೆಲ್ಲ ತಟ್ಟಿಬಂದರು. ಕೂಸುಗಳ ಆರ್ಟೆಲ್ ಆಗಲಿದೆ, ತಮ್ಮ ಮನೆಯಲ್ಲೇ. ದಿನವೂ ತಾವು ಇರುವುದು, ಅಪ್ಪ ಅಮ್ಮಂದಿರು ಸರದಿಯಂತೆ ಜೊತೆಗಿರುವುದು ಎಂದರು.

ಸಭೆ ಸೇರಿತು. ಒಂಬತ್ತಕ್ಕೆ ಬಾಗಿಲು ತೆರೆಯೋಣ ಎಂದು ಯಾರೋ ಅಂದರು, ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನಾಲ್ಕು ಮಂದಿಯ ಮಾತಿಗೆ ಅಡ್ಡ ಬರಬಾರದೆಂದು ಬೆಳೆದವಳು ನಾನು.

"ಯಾರು ಒಪ್ಪಿಲ್ಲ?" ಎಂದರು ಅಜ್ಜಿ.

ಇಲ್ಲೂ ಒಂದು ಕೈಯೂ ಏಳಲಿಲ್ಲ. ಅಜ್ಜಿ ಚಹಾಕ್ಕೆ ನೀರಿಟ್ಟರು. ಚಹಾ ಬಂತು, ಕುಡಿದೂ ಆಯಿತು. ಅಜ್ಜಿ ಕೈಕಟ್ಟಿ ಕೂತೇ ಇದ್ದರು. ನನ್ನ ಗಂಡ ಪೇಚಾಡಿ, ಮಕ್ಕಳಿಗೆ ಅಜ್ಜಿಯ ಬೀಟ್‌ರೂಟ್ ಸೂಪು ಬೇಡ ಎಂದರು. ಅದು ತಕರಾರಲ್ಲ, ಅವಮಾನ ಎಂದು ಅಜ್ಜಿ ತಳ್ಳಿಹಾಕಿದರು. ಎಲ್ಲರೂ ನಕ್ಕರು. ಅವ್ವ ನನ್ನ ತೊಡೆ ಚಿವುಟಿದಳು.

"ಬಾಯಾಗ ಕಡಬು ಇಟ್ಕೊಂಡಿಯೇನು? ಹೇಳ."

ನಾನು ಕೈ ಎತ್ತಿದೆ. ಆರು ಗಂಟೆಗೆ ತೆರೆಯದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದೆ. ಮೂಲೆಯಲ್ಲಿದ್ದ ಫಿಲಿಪೀನ್ಸಿನ ನರ್ಸಮ್ಮ ಕೂಡಲೇ ತಾನೂ ಕೈ ಎತ್ತಿದಳು. ಅವಳಿಗೂ ಆರೇ ಬೇಕಿತ್ತು; ಸುಮ್ಮನಿದ್ದಳಷ್ಟೆ. ಹೊತ್ತಾರೆ ಏಳುವ ಇಬ್ಬರು ಅಪ್ಪಂದಿರು ಆ ಹೊತ್ತಿನ ಸರದಿ ತಾವೇ ವಹಿಸಿಕೊಂಡರು. ಅಜ್ಜಿ ಸಂತೋಷದಿಂದ ಮೇಜು ಗುದ್ದಿದ ರಭಸಕ್ಕೆ ಕಪ್ಪುಗಳು ಕುಣಿದವು. "ಈಗ ಆರ್ಟೆಲ್ ಆಯಿತು" ಎಂದರು.

ಮಗಳು ಆ ಮನೆಯಲ್ಲೇ ನಡೆಯಲು ಕಲಿತಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಆದರೆ ಬೈಯುವುದು ಮಾತ್ರ ರಷ್ಯನ್ನಿನಲ್ಲಿ. ಬೀಟ್‌ರೂಟ್ ಸೂಪೆಂದರೆ ಪ್ರಾಣ ಬಿಡುತ್ತಾಳೆ.

ಹೋದ ಚಳಿಗಾಲದಲ್ಲಿ ಅಜ್ಜಿ ನಿದ್ದೆಯಲ್ಲೇ ತೀರಿಕೊಂಡರು. ಅವ್ವನಿಗೆ ಫೋನ್ ಮಾಡಿ ತಿಳಿಸಿದೆ. ಅವಳು ಫೋನ್ ಇಟ್ಟುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಮಾಡಿದಳು. ತಲೆಯ ಮೇಲೆ ನೀರು ಹಾಕಿಕೊಂಡು ಬಂದಿದ್ದಳು. ಅದು ನಮ್ಮಲ್ಲಿ ಸ್ವಂತದವರು ಸತ್ತಾಗ ಮಾಡುವ ಸ್ನಾನ.

"ಅವರು ನಮಗ ಏನಾಗ್ಬೇಕಾಗಿತ್ತವಾ?" ಎಂದು ಕೇಳಿದೆ.

"ನಿನ್ನ ಬಾಣಂತನ ಅರ್ಧ ನಾ ಮಾಡೀನಿ, ಉಳದದ್ದು ಆಕಿ ಮಾಡ್ಯಾಳ" ಎಂದಳು. "ಏನಾಗ್ಬೇಕು ಅಂತ ನೀನ ಲೆಕ್ಕ ಹಾಕ."

ಮರುದಿನ ನಾನು ರಜೆ ಹಾಕಲಿಲ್ಲ. ಅತ್ತ ಕಣ್ಣಿನಲ್ಲೇ ಎದ್ದು, ಕತ್ತಲಿರುವಾಗಲೇ ಕೊಲ್ಲಿಯ ಸೇತುವೆ ದಾಟಿ, ಏಳಕ್ಕೆ ಸರಿಯಾಗಿ ಲ್ಯಾಬಿನ ಬಾಗಿಲು ತೆಗೆದೆ. ಅಜ್ಜಿ ನನಗೆ ಉಳಿಸಿಕೊಟ್ಟ ಹೊತ್ತು ಅದು.