ಕೊಟ್ಟಿಗೆ ಬಿಟ್ಟೋಡಿದ ಕರಿನಾಯಿ

ಕಾಮಸಮುದ್ರದ ಪಕ್ಕದ ನಮ್ಮೂರಲ್ಲಿ ನಾನು ಹಾಲು ಕರೆಯಲು ಕೂತರೆ ಮಗ್ಗುಲಲ್ಲಿ ನಮ್ಮ ಕರಿನಾಯಿಯೂ ಕೂರಲೇಬೇಕು. ಅದರ ತಟ್ಟೆಗೆ ಒಂದಿಷ್ಟು ನೊರೆಹಾಲು ಬೀಳದೆ ಕ್ಯಾನು ಡೇರಿಗೆ ಹೊರಡುವಂತಿರಲಿಲ್ಲ. ಹೋದ ವರ್ಷ ಆಷಾಢದಲ್ಲಿ ನನ್ನ ಮಣಿಕಟ್ಟು ಊದಿಕೊಂಡಿತು. ಇನ್ನು ಕೈಯಲ್ಲಿ ಕರೆಯಬೇಡಿ ಎಂದರು ಬಂಗಾರಪೇಟೆಯ ಡಾಕ್ಟರು. ಯಜಮಾನರು ಹಾಲು ಕರೆಯುವ ಮಿಷನ್ ತಂದರು.

ಸ್ವಿಚ್ಚು ಹಾಕಿದ್ದೇ ತಡ, ಅದು ಗಡಗಡ ಎಂದು ಶುರುಮಾಡಿತು. ಹಸುಗಳು ಒಂದೆರಡು ದಿನ ಒದ್ದಾಡಿ ಸುಮ್ಮನಾದವು. ನಾಯಿ ಮಾತ್ರ ಬಾಲ ಮುದುರಿಕೊಂಡು ಹೊಲದ ಕಡೆ ಓಟ ಕಿತ್ತಿತು. ಕತ್ತಲಾದ ಮೇಲೆ ಬಂದರೂ ಮುದ್ದೆ ಮೂಸಲಿಲ್ಲ. ದಿನವೂ ಇದೇ ಆಯಿತು, ಪಕ್ಕೆಲುಬುಗಳು ಎದ್ದು ಕಂಡವು. ಹೀಗೇ ಬಿಟ್ಟರೆ ಒಂದು ದಿನ ವಾಪಸು ಬರುವುದೇ ಇಲ್ಲವೇನೋ ಎಂದು ನನಗೆ ದಿಗಿಲು.

ಮಿಷನ್ ಪಕ್ಕದಲ್ಲೇ ಕಟ್ಟಿದರೆ ತಾನೇ ಅಭ್ಯಾಸವಾಗುತ್ತದೆ ಎಂದ ಯಜಮಾನರು ತಾವೇ ಕಟ್ಟಿದರು. ಪಾಪ, ನಡುಗಿ ನಡುಗಿ ನಿಂತಲ್ಲೇ ಉಚ್ಚೆ ಹುಯ್ದುಕೊಂಡಿತು, ಹಗ್ಗ ಜಗ್ಗಿ ಕತ್ತು ತರಚಿತು. ನನಗೆ ಎಲ್ಲಿತ್ತೋ ಸಿಟ್ಟು! ಹಗ್ಗ ಬಿಚ್ಚಿ ಅವರ ಕಾಲ ಬುಡಕ್ಕೆ ಎಸೆದೆ.

"ನಿಮ್ಮುನ್ನೇ ಇಂಗೆ ಕಟ್ಟಾಕಿ ಕಿವಿ ತಾವ ಪಟಾಕಿ ಅಂಟಿಸ್ಲಾ?" ಎಂದೆ.

ಈ ಮನೆಯಲ್ಲಿ ನಾಯಿಯದೇ ದರ್ಬಾರು ಎಂದು ಅವರು ಗೊಣಗಿದರು.

ಹಸು ನೋಡಲು ಬಂದ ದನದ ಡಾಕ್ಟರನ್ನು ಕೇಳಿದೆ. ಸದ್ದು ಸಣ್ಣಗೆ ಕೇಳುವಷ್ಟು ದೂರದಲ್ಲಿ ಹಾಲಿಡಿ, ಬಲವಂತ ಮಾತ್ರ ಬೇಡ ಎಂದರು. ಸರಿ, ಗೊಣಗುತ್ತ ಯಜಮಾನರು ಮಿಷನ್ ನಡೆಸುತ್ತಿದ್ದರೆ, ನಾನು ಬೀದಿಯ ಹುಣಸೆ ಮರದಡಿ ತಟ್ಟೆ ಹಿಡಿದು ಕೂರುತ್ತಿದ್ದೆ. ನೋಡಿದವರೆಲ್ಲ ನಕ್ಕರು, ನಗಲಿ. ನಾಯಿ ಆರಾಮಾಗಿ ನೆಕ್ಕಿದ ದಿನ ತಟ್ಟೆ ನಾಲ್ಕು ಹೆಜ್ಜೆ ಮುಂದಕ್ಕೆ. ಕಿವಿ ಹಿಂದಕ್ಕೆ ಮಲಗಿತೆಂದರೆ ಮತ್ತೆ ಮರದಡಿಗೇ. ಗೌರಿ ಹಬ್ಬಕ್ಕೆ ಕೊಟ್ಟಿಗೆಯ ಬಾಗಿಲು ಮುಟ್ಟಿದೆವು. ದಸರಾ ಕಳೆಯುವಷ್ಟರಲ್ಲಿ ಅದು ಮಿಷನ್ ಪಕ್ಕದಲ್ಲೇ ಕಾಲು ಚಾಚಿ ಮಲಗುತ್ತಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಆಮೇಲೆ ದೀಪಾವಳಿ ಬಂತು. ಸಂಜೆ ಹಾಲು ಕರೆದು ಮುಗಿಸಿ, ಯಜಮಾನರಿಗೆ ಕಜ್ಜಾಯ ಬಡಿಸುತ್ತಿದ್ದೆ. ಬೀದಿಯಲ್ಲಿ ಢಂ ಎಂದಿತು. ಅಂಗಳದಲ್ಲಿದ್ದ ನಾಯಿ ಚಂಗನೆ ಎದ್ದಿತು. ಇನ್ನೇನು ಹೊಲಕ್ಕೆ ಓಡುತ್ತದೆ, ಮಾಡಿದ್ದೆಲ್ಲ ಮಣ್ಣುಪಾಲು ಎಂದುಕೊಂಡು ನಾನು ಗೇಟಿಗೆ ಓಡಿದೆ. ಅದು ಗೇಟಿನ ಕಡೆ ತಿರುಗಲೇ ಇಲ್ಲ. ನೇರ ಕೊಟ್ಟಿಗೆಗೆ ನುಗ್ಗಿ, ಸದ್ದಿಲ್ಲದೆ ನಿಂತಿದ್ದ ಮಿಷನ್ನಿಗೆ ಮೈ ಒತ್ತಿಕೊಂಡು ನಡುಗತೊಡಗಿತು.

ನಾನೂ ಅದರ ಹಿಂದೆ ಓಡಿದೆ. ಯಜಮಾನರು ಕಜ್ಜಾಯದ ತಟ್ಟೆ ಹಿಡಿದುಕೊಂಡೇ ಬಂದು ಎಡಗೈಯಲ್ಲಿ ಸ್ವಿಚ್ಚು ಹಾಕಿದರು. ಕರೆಯಲು ಹಾಲಿಲ್ಲದ ಹೊತ್ತಿನಲ್ಲಿ ಇದೇನೆಂದು ಹಸುಗಳು ತಿರುಗಿ ನೋಡಿದವು. ಗಡಗಡ ಸದ್ದಿನಲ್ಲಿ ಬೀದಿಯ ಪಟಾಕಿ ಅಷ್ಟಾಗಿ ಕೇಳಲಿಲ್ಲ. ನಾಯಿಯ ನಡುಕ ಮೆಲ್ಲಗೆ ಇಳಿಯಿತು.

"ಪಟಾಕಿ ಮುಗಿಯೋಗಂಟ ಮಿಷನ್ನು ಓಡ್ತಿರ್ಲಿ ಬಿಡು," ಎಂದರು. "ನಾಯ್ಗೂ ಅಬ್ಬ ಅಲ್ವಾ."

ಹಾಗೆಂದು ತಮ್ಮ ಕಜ್ಜಾಯದಲ್ಲಿ ಒಂದು ಚೂರು ಮುರಿದು ಅದರ ತಟ್ಟೆಗೆ ಹಾಕಿ, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.