ಮಾವ ಒಪ್ಪದ ಗೋಲು

ನನ್ನ ಮಾವನ, ಅಂದರೆ ಗಂಡನ ಅಪ್ಪನ, ಅಂಗೈಗಳು ಒಂದೊಂದೂ ಮೊರದ ಹಾಗೆ ಅಗಲ. ಬಲಗೈಯ ಕಿರುಬೆರಳು ಮಾತ್ರ ಸೊಟ್ಟ. ಕಡಬದವರು ಒದ್ದ ಚೆಂಡನ್ನು ಹಿಡಿಯುವಾಗ ಮುರಿದದ್ದು. ಯಾರಾದರೂ ಕೇಳಿದರೆ, “ಬೆರಳು ಹೋಯ್ತು, ಚೆಂಡು ಹೋಗ್ಲಿಕ್ಕೆ ಬಿಡ್ಲಿಲ್ಲ” ಎನ್ನುತ್ತಿದ್ದರು.

ಮೊನ್ನೆ ನನ್ನ ಮೊಮ್ಮಗಳು ಶಾಲೆಯ ಫುಟ್ಬಾಲ್ ತಂಡದಲ್ಲಿ ಗೋಲು ಕಾಯಲು ಆಯ್ಕೆಯಾಗಿ ಬಂದಳು. ಅವಳ ಕೈ ಹಿಡಿದು ನೋಡುತ್ತೇನೆ, ಅದೇ ಅಗಲ. ಆ ಖುಷಿಯಲ್ಲಿ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾವನ ಕತೆ ಹೇಳಿದೆ. ಹೇಳಿ ಮುಗಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನವರೆಗೆ ಓದಿದವಳ ಬರವಣಿಗೆ, ತಪ್ಪಿದ್ದರೆ ನೀವೇ ಸರಿಮಾಡಿ ಓದಿಕೊಳ್ಳಿ.

ಆಲಂಕಾರು, ಕಡಬ ಒಂದೇ ರಸ್ತೆಯ ಊರುಗಳು. ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನಲ್ಲಿ ಕೊಯ್ಲು ಮುಗಿದ ಮೇಲೆ ಎರಡೂ ಊರಿನವರು ಗದ್ದೆಯಲ್ಲಿ ಫುಟ್ಬಾಲ್ ಆಡುತ್ತಿದ್ದರು. ಬರಿಗಾಲು, ಮೊಣಕಾಲಿನವರೆಗೆ ಕಟ್ಟಿದ ಮುಂಡು. ಆಟ ಹತ್ತಿರ ಬಂದರೆ ಎರಡೂ ಊರಿನವರಿಗೆ ಮಾತಿಲ್ಲ. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಕಡಬದಲ್ಲಿ ನಿಂತಾಗ ಮಾವ ಕಣ್ಣು ಮುಚ್ಚಿ ಕೂರುತ್ತಿದ್ದರಂತೆ. ಮಗನಿಗೆ ಹೆಣ್ಣು ಹುಡುಕುವ ವಯಸ್ಸಾದರೂ ಆಲಂಕಾರಿನ ಗೋಲು ಕಾಯುವ ಜಾಗವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನಾನು ಕಡಬದ ಹುಡುಗಿ. ನನ್ನ ಅಣ್ಣ ಕಡಬದ ತಂಡದಲ್ಲಿ ಎಲ್ಲರಿಗಿಂತ ಮುಂದೆ ಓಡುವವನು. ಮಾವನ ಮಗನನ್ನು ನಾನು ಚಿಕ್ಕಮ್ಮನ ಮನೆಯ ಮದುವೆಯಲ್ಲಿ ನೋಡಿದ್ದೆ. ಪಾಯಸ ಬಡಿಸುತ್ತಿದ್ದರು. ನಾನು ಬೇಡ ಎಂದೆ, ಅವರು ಬಡಿಸಿಯೇ ಬಿಟ್ಟರು. ಅಷ್ಟೇ ಸಾಕಾಯಿತು ನನಗೆ.

ಸಂಬಂಧದ ಮಾತು ತೆಗೆದುಕೊಂಡು ಹೋದ ನನ್ನ ಸೋದರಮಾವನಿಗೆ ಹುಡುಗನ ಅಪ್ಪ ಹೇಳಿದರಂತೆ: “ಹುಡುಗಿ ಒಳ್ಳೆಯವಳೇ ಇರ್ಬಹುದು ಮಾರಾಯ್ರೆ. ಆದ್ರೆ ಈ ಸಲದ ಆಟ ಮುಗೀಲಿ. ಕಡಬದವರು ಗೆದ್ರೆ ಆ ಊರಿನ ಹೆಣ್ಣು ಬೇಡ. ಚಪ್ಪರದಲ್ಲಿ ನನ್ನನ್ನು ನೋಡಿ ಹಲ್ಲು ಬಿಡ್ತಾರೆ.”

ನಾನು ಅಣ್ಣನ ಹಿಂದೆ ಬಿದ್ದೆ. ಅವನು ಕಣ್ಣು ದೊಡ್ಡದು ಮಾಡಿದ. “ನಿನ್ನ ಮದುವೆಗೆ ಬೇಕಾಗಿ ನಾನು ಚೆಂಡನ್ನು ಹೊರಗೆ ಒದೆಯುದಾ?”

“ಒಂದು ಸಲ ಒದ್ದರೆ ನಿನ್ನ ಕಾಲು ಸವೀತದಾ?”

“ಆಲಂಕಾರಿನವನೇ ಆಗ್ಬೇಕಾ? ಪಂಜದಲ್ಲಿ ಗಂಡು ನೋಡುವ. ಅವರಿಗೆ ಆಡ್ಲಿಕ್ಕೆ ಬರುದಿಲ್ಲ, ತಂಟೆಯೇ ಇಲ್ಲ.”

ಆ ಸಲದ ಆಟ ಮಾವನದೇ ಗದ್ದೆಯಲ್ಲಿ. ಮುಂದಿನದು ಅಪ್ಪ ಹೇಳಿದ್ದು. ಸಂಜೆಯವರೆಗೂ ಯಾರಿಗೂ ಗೋಲಿಲ್ಲ. ಕೊನೆಗಳಿಗೆಯಲ್ಲಿ ಅಪ್ಪ ಬೆವರು ಒರೆಸಿಕೊಳ್ಳುತ್ತ ಬದುವಿನ ಮೇಲೆ ನಡೆದು ಸೀದಾ ಮಾವನ ಗೋಲಿನ ಪಕ್ಕ ಬಂದು ನಿಂತರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಆಮೇಲೆ ಮಾತು. ಗದ್ದೆ ತನ್ನದು, ಬಂದವರು ಹೆಣ್ಣಿನ ಅಪ್ಪ. ಮಾವ ಕಂಬದ ಬುಡದಲ್ಲಿಟ್ಟಿದ್ದ ಬೆಲ್ಲದ ತುಂಡು, ನೀರಿನ ಗಿಂಡಿ ಎತ್ತಿಕೊಂಡರು.

“ಬಂದಿರಾ? ಬಿಸಿಲಲ್ಲಿ ಬಂದ್ರಿ. ಬಾಯಾರಿಕೆಗೆ ತೆಗೊಳ್ಳಿ.”

“ಚೆಂಡು ಬರ್ತಾ ಉಂಟು ಮಾರಾಯ್ರೆ” ಎಂದರು ಅಪ್ಪ.

“ಅದು ಬರ್ತದೆ, ಹೋಗ್ತದೆ. ನೀವು ಕುಡೀರಿ.”

ಅಪ್ಪ ಗಿಂಡಿ ಎತ್ತಿ ಬಾಯಿಗೆ ನೀರು ಬಿಟ್ಟುಕೊಳ್ಳುವಾಗ ಅಣ್ಣ ಒದ್ದ ಚೆಂಡು ಮಾವನ ಬೆನ್ನ ಹಿಂದಿನಿಂದ ಒಳಗೆ ಹೋಯಿತು. ಸೀಟಿ ಕೂಗಿತು. ಆಲಂಕಾರಿನ ಆಟಗಾರರು ಮಾವನನ್ನು ಸುತ್ತುಗಟ್ಟಿ, “ಇದು ಆಟವಾ, ನಿಮ್ಮ ಮನೆಯ ಜಗಲಿಯಾ?” ಎಂದು ಎಗರಾಡಿದರು.

ಅಣ್ಣ ಕುಣಿಯುತ್ತ ಮನೆಗೆ ಬಂದ. ನಾನು ಅವನಿಗೆ ಅನ್ನ ಬಡಿಸಲಿಲ್ಲ, ಅಡಿಗೆಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಮದುವೆ ಮುರಿಯಿತು ಎಂದು ಅಮ್ಮನೂ ಅಣ್ಣನಿಗೇ ಬೈದಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಮಾವ ನಮ್ಮ ಅಂಗಳದಲ್ಲಿ. ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ.

“ಹುಡುಗಿ ನೋಡ್ಲಿಕ್ಕೆ ಬಂದದ್ದು” ಎಂದರು.

ಅಪ್ಪನಿಗೆ ಗಲಿಬಿಲಿ. “ನಿನ್ನೆ ನಮ್ಮವರು ಗೆದ್ದರಲ್ಲ?”

“ಯಾರು ಹೇಳಿದ್ದು? ನಿಮಗೆ ನೀರು ಕೊಡುವಾಗ ನಾನು ಮನೆಯ ಯಜಮಾನ. ಗೋಲು ಕಾಯುವವನೇ ಇಲ್ಲದ ಮೇಲೆ ಅದೆಂತ ಗೋಲು? ಬೇಲಿ ಹಾರಿ ಬಂದ ದನದ ಹಾಗೆ ಅದು. ಕಡಬದವರು ಗೆಲ್ಲಲಿಲ್ಲ. ಹುಡುಗಿಯನ್ನು ಕರೀರಿ.”

ಹೀಗೆ ನಾನು ಆಲಂಕಾರಿನ ಸೊಸೆಯಾದೆ. ಅಣ್ಣ ಬಂದಾಗಲೆಲ್ಲ ಉಂಡು ಎದ್ದು, “ಮಾವ, ಅದು ಗೋಲೇ” ಎನ್ನುತ್ತಿದ್ದ. ಮಾವ ವೀಳ್ಯ ಅಗಿಯುತ್ತ, “ಗೋಲಾದ್ರೆ ನಿನ್ನ ತಂಗಿಯನ್ನು ಕರಕೊಂಡು ಹೋಗು. ಸಂಜೆ ಬಸ್ಸು ಉಂಟು” ಎನ್ನುತ್ತಿದ್ದರು. ನಾನು ಒಳಗಿನಿಂದ, “ಗೋಲಲ್ಲ, ಗೋಲಲ್ಲ” ಎನ್ನುತ್ತಿದ್ದೆ. ಹುಟ್ಟಿದೂರಿಗೆ ಎರಡು ಬಗೆದವಳು ಎಂದು ಅಣ್ಣ ನನ್ನನ್ನು ಬೈಯದ ದಿನವಿಲ್ಲ. ಹೆತ್ತಾಗ, ಜ್ವರ ಬಂದಾಗ ನನಗೆ ಗಂಜಿ ಆರಿಸಿ ಕೊಟ್ಟದ್ದು ಮಾತ್ರ ಆ ಅಗಲದ ಕೈಗಳೇ.

ಮಾವನ ಕೊನೆಯ ವಾರದಲ್ಲಿ ಅಣ್ಣ ನೋಡಲು ಬಂದ. ಹಾಸಿಗೆಯ ಪಕ್ಕ ಕೂತು, “ಮಾವ, ಅದು ಗೋಲಲ್ಲ” ಎಂದ.

ಮಾವ ಕಣ್ಣು ತೆರೆದರು. “ಗೋಲೇ ಮಾರಾಯ. ಚಂದ ಒದ್ದಿದ್ದಿ, ನಾನು ನೋಡಿದ್ದೇನೆ.”

ಮತ್ತೆ, ನಾನು ಬಾಗಿಲಲ್ಲಿ ನಿಂತದ್ದು ಕಾಣದೆ, ಸ್ವರ ತಗ್ಗಿಸಿದರು. “ನಿನ್ನ ತಂಗಿಗೆ ಹೇಳ್ಬೇಡ. ಈಗ ಅವಳನ್ನು ವಾಪಸು ಕೇಳಿದ್ರೆ ನಾನು ಕೊಡ್ಲಿಕ್ಕಿಲ್ಲ.”