ಹೆಜ್ಜೆರಾಯರು ಕಾದ ಸಿನಿಮಾ

ಸಿನಿಮಾದಲ್ಲಿ ನಾಯಕ ಮೆಟ್ಟಿಲು ಹತ್ತುವಾಗ ಕೇಳುತ್ತದಲ್ಲ, ಆ ಸದ್ದು ನಾಯಕನದಲ್ಲ. ಅವನು ಶೂಟಿಂಗ್ ಮುಗಿಸಿ, ಬಣ್ಣ ಒರೆಸಿಕೊಂಡು ಮನೆಗೆ ಹೋಗಿ ಎಷ್ಟೋ ತಿಂಗಳಾದ ಮೇಲೆ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ ಐವತ್ತೆಂಟು ವರ್ಷದ ಬೋಳುತಲೆಯವರೊಬ್ಬರು ಪರದೆ ನೋಡಿಕೊಂಡು ಅವನ ಬದಲು ನಡೆದಿರುತ್ತಾರೆ. ನಾಯಕಿಗೂ ಅವರೇ, ಅಟ್ಟಿಸಿಕೊಂಡು ಬರುವ ಪೊಲೀಸರಿಗೂ ಅವರೇ. ಕುದುರೆ ಬಂದರೆ ಎರಡು ಮರದ ಬಟ್ಟಲು ಹಿಡಿದು ಕುದುರೆಯೂ ಅವರೇ. ಸ್ಟುಡಿಯೋದವರು ಅವರಿಗೆ ಹೆಜ್ಜೆರಾಯರು ಎಂದು ಹೆಸರಿಟ್ಟು ಮೂವತ್ತು ವರ್ಷವಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಯಾರಿಗೂ ಬಿದ್ದಿಲ್ಲ.

ಆ ಕೋಣೆಯ ಗೋಡೆಯುದ್ದಕ್ಕೂ ಚಪ್ಪಲಿ, ಬೂಟು, ಹೈಹೀಲ್ಸು. ನೆಲದ ಮೇಲೆ ಸಾಲಾಗಿ ಮರದ ತಟ್ಟೆಗಳು: ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಒಣ ಎಲೆ. "ಮನೇಲಿ ಇರೋದು ಎರಡು ಜೊತೆ, ಆಫೀಸಲ್ಲಿ ಎಂಬತ್ತು ಜೊತೆ. ಯಾವ ಮಹಾರಾಣಿನ ಇಟ್ಕೊಂಡಿದೀರೋ ಏನೋ" ಎಂದು ಹೆಂಡತಿ ರೇಗಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ರಾಯರು ಅವಳನ್ನು ತಮ್ಮ ಸಿನಿಮಾಗಳಿಗೆಲ್ಲ ಕರೆದುಕೊಂಡು ಹೋಗುತ್ತಿದ್ದರು. "ಎಲ್ಲಿ ರೀ, ನಿಮ್ಮದು ಯಾವುದು?" ಎಂದು ಅವಳು ಪಿಸುಗುಟ್ಟುವಳು. "ಈಗ ಬಂತಲ್ಲೇ." "ಯಾವುದು, ಢಮಾರ್ ಅಂತಲ್ಲ, ಅದಾ?" "ಅದಲ್ಲ ಕಣೆ, ಅದರ ಕೆಳಗಡೆ." ಅದರ ಕೆಳಗಡೆ ಏನಿತ್ತು ಎಂಬುದು ಅವಳಿಗೆ ಒಂದು ದಿನವೂ ಕೇಳಿಸಲಿಲ್ಲ. ಹಾಡು, ಹೊಡೆದಾಟ, ಬಾಂಬು ಎಲ್ಲ ಸೇರಿ ರಾಯರ ಹೆಜ್ಜೆಯನ್ನು ನುಂಗಿ ನೀರು ಕುಡಿದಿರುತ್ತಿದ್ದವು. ಕ್ರಮೇಣ ಅವರು ಕರೆಯುವುದನ್ನು ಬಿಟ್ಟರು, ಅವಳು ಕೇಳುವುದನ್ನು ಬಿಟ್ಟಳು.

ಹಾಗಿರುವಾಗ ಒಬ್ಬ ಹೊಸ ನಿರ್ದೇಶಕಿ ಬಂದಳು. ಮನೆಮನೆಗೆ ಅಂಚೆ ಕಾಗದ ಹಂಚುವ ಹೆಂಗಸೊಬ್ಬಳ ಕತೆ, ಒಂದೇ ದಿನದ ಕತೆ. ಮಾತು ಕಡಿಮೆ. "ಸರ್, ಇದರಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಇಡೀ ಸಿನಿಮಾ ಅವಳ ನಡಿಗೆ ಮೇಲೆ ನಿಂತಿದೆ. ನೀವು ನಡೆದ ಹಾಗೆ ಸಿನಿಮಾ" ಎಂದಳು. ರಾಯರು ಮೊದಲು ತಮಾಷೆ ಎಂದುಕೊಂಡರು. ತಮಾಷೆಯಲ್ಲ ಎಂದು ತಿಳಿದಾಗ ಗೋಡೆಯ ಚಪ್ಪಲಿಗಳನ್ನು ಒಂದೊಂದಾಗಿ ಇಳಿಸಿ ನೋಡತೊಡಗಿದರು.

ಹತ್ತೊಂಬತ್ತು ದಿನ ನಡೆದರು. ಆ ಕಾಗದದ ಹೆಂಗಸಿಗೆ ಅವರು ಕೊಟ್ಟ ನಡಿಗೆ ಹೆಂಡತಿಯದು. ಅವಳಿಗೆ ಮೊದಲಿನಿಂದಲೂ ಎಡ ಮಂಡಿ ಸ್ವಲ್ಪ ನೋವು. ಹಾಗಾಗಿ ಬಲಗಾಲು ಒಂದು ಕ್ಷಣ ಹೆಚ್ಚಿಗೆ ನೆಲದ ಮೇಲೆ ನಿಲ್ಲುತ್ತದೆ, ಎಡಗಾಲು ಅವಸರವಾಗಿ ಊರಿ ಎದ್ದುಬಿಡುತ್ತದೆ. ಮೂವತ್ತು ವರ್ಷ ಮನೆಯೊಳಗೆ ಕೇಳಿದ ನಡಿಗೆ ಅದು, ಕಲಿಯುವುದೇನೂ ಇರಲಿಲ್ಲ. ಇದನ್ನು ಅವರು ನಿರ್ದೇಶಕಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಥೇಟರಿನಲ್ಲಿ ಕೂತು ಅವಳೇ ಕಂಡುಹಿಡಿಯಬೇಕು, ತಮ್ಮ ತೋಳು ಹಿಡಿದು "ರೀ, ಇದು ನಾನೇ ಅಲ್ವಾ" ಎನ್ನಬೇಕು. ಅದೊಂದು ಆಸೆ ಅವರ ಹೊಟ್ಟೆಯೊಳಗೆ ಬೆಚ್ಚಗೆ ಕೂತಿತ್ತು. ಅವಳಿಗೆ ಹೇಳಿದ್ದು ಇಷ್ಟೇ: "ಈ ಸಿನಿಮಾ ಬರಲಿ, ಆಮೇಲೆ ಮಾತಾಡು."

ಬಂದರೆ ತಾನೆ! ಬಿಡುಗಡೆಗೆ ಮೊದಲು ಹೇಳಿದ ಶುಕ್ರವಾರ ಯಾರೋ ದೊಡ್ಡ ನಟನ ಚಿತ್ರ ಎಲ್ಲ ಥೇಟರುಗಳನ್ನೂ ಹಿಡಿದುಕೊಂಡಿತು. ಎರಡನೆಯ ಸಲ ಕೊಟ್ಟ ತಾರೀಖು ಹತ್ತಿರ ಬರುವ ಹೊತ್ತಿಗೆ ಇಬ್ಬರು ನಿರ್ಮಾಪಕರು ಜಗಳಕ್ಕೆ ಬಿದ್ದರು. ಜಗಳ ಯಾವುದಕ್ಕೆಂದರೆ, ಪರದೆಯ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕೆ. ನಗಬೇಡಿ, ಅದಕ್ಕಾಗಿ ಇಬ್ಬರೂ ಕೋರ್ಟಿಗೆ ಹೋದರು. ನೋಡಿದ ನಾಲ್ಕು ಜನ "ಇಂಥದ್ದು ಬಂದೇ ಇಲ್ಲ" ಎಂದು ಹೊಗಳಿದ ಚಿತ್ರ ಬೀರುವಿನಲ್ಲಿ ಕೂತಿತು. ಸ್ಟುಡಿಯೋ ಬಾಗಿಲಿಗೆ ಅಂಟಿಸಿದ್ದ 'ಶೀಘ್ರದಲ್ಲಿ' ಎಂಬ ಪೋಸ್ಟರು ಬಿಸಿಲಿಗೆ ಬಿಳಚಿಕೊಂಡಿತು.

ಆ ದಿನಗಳಲ್ಲೇ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾದದ್ದು. ಹೆಂಡತಿ ಪಾತ್ರೆ ಇಟ್ಟರೆ ಕುಕ್ಕಿದಂತೆ, ಬಾಗಿಲು ಹಾಕಿದರೆ ಬಡಿದಂತೆ. ಸದ್ದಿನಲ್ಲೇ ಹೊಟ್ಟೆ ಹೊರೆಯುವ ಮನುಷ್ಯನಿಗೆ ಅದರ ಅರ್ಥ ಗೊತ್ತಿರದೆ ಇರುತ್ತದೆಯೇ? ಸಿನಿಮಾಗಳಲ್ಲಿ ಹೆಂಡತಿಗೆ ಸಿಟ್ಟು ಬಂದರೆ ಅವರು ಹೀಗೇ ಪಾತ್ರೆ ಕುಕ್ಕುತ್ತಿದ್ದರು. ಸುಮ್ಮಸುಮ್ಮನೆ ಆಸೆ ಹುಟ್ಟಿಸಿದೆನೆಂದು ಕೋಪ ಎಂದು ತೀರ್ಮಾನಿಸಿ, ಬೆನ್ನ ಹಿಂದೆ ನಿಂತು "ಇನ್ನೇನು ಬಂದುಬಿಡುತ್ತೆ ಕಣೆ, ಬೇಜಾರು ಮಾಡ್ಕೋಬೇಡ" ಎಂದು ಸಮಾಧಾನ ಮಾಡಿದರು. ಅವಳು ತಿರುಗಿಯೂ ನೋಡಲಿಲ್ಲ. ರಾಯರೂ ಮುನಿಸಿಕೊಂಡರು. ಹೀಗೆ ಎರಡು ತಿಂಗಳು ಕಳೆಯಿತು.

ಬೇರೆ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಒಂದು ಭಾನುವಾರ ಬಂದವಳು, ಅರ್ಧ ದಿನ ನೋಡಿ ಅಪ್ಪನನ್ನು ಪಕ್ಕಕ್ಕೆ ಕರೆದಳು.

"ಅಪ್ಪಾ, ಅಮ್ಮಂಗೆ ಕೋಪ ಅಲ್ಲ. ಕಿವಿ ಕೇಳಿಸ್ತಾ ಇಲ್ಲ."

ರಾಯರು ಮರುದಿನವೇ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಕಿವಿಯ ಡಾಕ್ಟರು ನರ ಸೋಲುತ್ತಿದೆ ಎಂದರು. ಮಷೀನು ಹಾಕಿಕೊಂಡರೆ ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಸ್ವಲ್ಪ ಕೇಳಬಹುದು. ಆಮೇಲೆ ಅದರಿಂದಲೂ ಪ್ರಯೋಜನವಿಲ್ಲ ಎಂದರು. ಹೆಂಡತಿ ಡಾಕ್ಟರ ತುಟಿಯನ್ನೇ ನೋಡುತ್ತ ಕೂತಿದ್ದಳು. ಹೊರಗೆ ಬಂದು, "ಬಿಡಿ, ನಿಮ್ಮ ಗೊರಕೆ ತಪ್ಪುತ್ತೆ" ಎಂದು ನಕ್ಕಳು. ರಾಯರಿಗೆ ನಗು ಬರಲಿಲ್ಲ. ಅವರು ತಲೆಯೊಳಗೆ ಶುಕ್ರವಾರಗಳನ್ನು ಲೆಕ್ಕ ಹಾಕುತ್ತಿದ್ದರು.

ಅಲ್ಲಿಂದ ಶುರುವಾಯಿತು ಅಲೆದಾಟ. ನಿರ್ದೇಶಕಿಯ ಮನೆಗೆ ಹೋದರು. "ಸರ್, ನನ್ನ ಸಿನಿಮಾನ ನಾನೇ ನೋಡೋ ಹಾಗಿಲ್ಲ" ಎಂದು ಅವಳು ಅತ್ತಳು. ಮೂವತ್ತು ವರ್ಷ ಗಾಜಿನ ಆಚೆ ಕೂತು ತಮ್ಮ ಹೆಜ್ಜೆ ಹಿಡಿದ ರೆಕಾರ್ಡಿಂಗಿನವನ ಹತ್ತಿರ ಹೋಗಿ, ಯಾವತ್ತೂ ಕೇಳದಿದ್ದದ್ದನ್ನು ಕೇಳಿದರು.

"ಒಂದೇ ಒಂದು ಸಲ. ಹತ್ತು ನಿಮಿಷ. ಅವಳಿಗೆ ಕೇಳಿಸಿ ಕರ್ಕೊಂಡು ಹೋಗ್ತೀನಿ."

"ರಾಯರೇ, ನಿಮಗಲ್ದೆ ಇನ್ಯಾರಿಗೆ ಕೊಡ್ತೀನಿ ನಾನು? ಆದ್ರೆ ಎಲ್ಲಾನೂ ಕೋರ್ಟಿನವರು ಸೀಲ್ ಮಾಡಿ ತಗೊಂಡ್ಹೋದ್ರು. ನನ್ನ ಹತ್ರ ಒಂದು ಹೆಜ್ಜೆನೂ ಉಳಿದಿಲ್ಲ."

ಬಿಡುಗಡೆಗೆ ಮೂರನೆಯ ಸಲ ತಾರೀಖು ಗೊತ್ತಾಯಿತು. ನಿರ್ಮಾಪಕರು ರಾಜಿಯಾದರಂತೆ ಎಂದು ಸುದ್ದಿ. ರಾಯರು ಕ್ಯಾಲೆಂಡರಿನಲ್ಲಿ ಆ ಶುಕ್ರವಾರಕ್ಕೆ ಗುರುತು ಹಾಕಿ ದಿನಾ ಹೆಂಡತಿಯನ್ನು ಕೇಳುವರು: "ಕೇಳಿಸುತ್ತಾ?" ಅವಳು ತುಟಿ ನೋಡಿ ಹೇಳುವಳು: "ಚೆನ್ನಾಗೇ ಕೇಳಿಸುತ್ತೆ ರೀ, ನೀವು ಸುಮ್ನಿರಿ." ಬುಧವಾರ ಫೋನು ಬಂತು. ರಾಜಿ ಮುರಿದುಬಿದ್ದಿತ್ತು.

ಆ ಶುಕ್ರವಾರ ಮಧ್ಯಾಹ್ನ ರಾಯರು ಸ್ಟುಡಿಯೋದಿಂದ ಆಟೋದಲ್ಲಿ ಮರಳಿನ ತಟ್ಟೆ, ಜಲ್ಲಿಯ ತಟ್ಟೆ, ಹೆಂಗಸರ ಒಂದು ಜೊತೆ ಹಳೆಯ ಚಪ್ಪಲಿ ತಂದು ನಡುಮನೆಯಲ್ಲಿ ಇಟ್ಟರು. ಹೆಂಡತಿ ಮಷೀನು ಹಾಕಿಕೊಂಡು ಕುರ್ಚಿಯಲ್ಲಿ ಕೂತಳು.

"ಥೇಟರಿಗೆ ಬರಲ್ಲ ಅಂದ್ರೆ ಮನೇಲೇ ಶೋ" ಎಂದರು ರಾಯರು, ಅವಳ ಎದುರು ನಿಂತು, ಬಿಡಿಸಿ ಬಿಡಿಸಿ. "ಇದು ಯಾರ ನಡಿಗೆ ಅಂತ ನೀನು ಹೇಳಬೇಕು. ಕಣ್ಣು ಮುಚ್ಕೋ. ನಮ್ಮ ಕೆಲಸದಲ್ಲಿ ಸದ್ದು ಪರೀಕ್ಷೆ ಮಾಡೋರು ಕಣ್ಣು ಮುಚ್ಕೊಂಡೇ ಕೇಳೋದು."

ಅವಳು ಕಣ್ಣು ಮುಚ್ಚಿದಳು. ರಾಯರು ನಡೆದರು. ಬೆಳಗಿನ ಮಣ್ಣು ದಾರಿ, ಜಲ್ಲಿಯ ಗಲ್ಲಿ, ಮತ್ತೆ ಮಣ್ಣು. ಪರದೆ ಇಲ್ಲದಿದ್ದರೂ ಒಂದೊಂದು ಹೆಜ್ಜೆಯೂ ನೆನಪಿತ್ತು. ಅವಳು ತಲೆದೂಗುತ್ತಿದ್ದಳು, ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ರಾಯರು ಖುಷಿಯಿಂದ ಇನ್ನಷ್ಟು ಒತ್ತಿ ಹೆಜ್ಜೆ ಊರಿದರು. ಆಮೇಲೆ ಸಿನಿಮಾದ ಆ ಹೆಂಗಸು ಕೆಟ್ಟ ಸುದ್ದಿಯ ಕಾಗದ ಹಿಡಿದು ಒಂದು ಮನೆಯ ಮುಂದೆ ನಿಂತುಬಿಡುವ ಜಾಗ ಬಂತು. ಅಲ್ಲಿ ಸದ್ದಿಲ್ಲ. ರಾಯರೂ ನಿಂತರು.

ಅವಳ ಬೆರಳು ನಿಲ್ಲಲಿಲ್ಲ.

ರಾಯರು ನೋಡಿದರು. ಅವಳು ತಲೆದೂಗುತ್ತಲೇ ಇದ್ದಳು. "ಚೆನ್ನಾಗಿದೆ ರೀ" ಎಂದಳು. ಸ್ವಲ್ಪ ಹೊತ್ತಿನ ಮೇಲೆ "ಹೂಂ, ಹೂಂ" ಎಂದಳು. ರಾಯರು ಮರಳಿನ ಮೇಲೆ ಕಲ್ಲಾಗಿ ನಿಂತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು. ಎಷ್ಟೋ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಗಂಡನ ಮುಖ ನೋಡಿದಳು, ಕಾಲು ನೋಡಿದಳು.

"ಯಾವಾಗ ನಿಲ್ಲಿಸಿದ್ರಿ?"

ಈಗಷ್ಟೇ ಎಂದು ಸುಳ್ಳು ಹೇಳಬಹುದಿತ್ತು. ಅವರ ತುಟಿ ಒಪ್ಪಲಿಲ್ಲ. "ತುಂಬಾ ಹೊತ್ತಾಯ್ತು" ಎಂದರು.

"ಹೋದ ತಿಂಗಳೇ ಕೇಳೋದು ಪೂರ್ತಿ ನಿಂತೋಯ್ತು ರೀ. ನೀವು ಅಷ್ಟು ಆಸೆಯಿಂದ ತಾರೀಖು ಕಾಯ್ತಾ ಇದ್ರಿ. ಹೇಗೆ ಹೇಳ್ಲಿ?" ಅವಳು ಸೆರಗಿನಿಂದ ಅವರ ಮುಖ ಒರೆಸಿದಳು. "ಅದಿರಲಿ, ಯಾರ ನಡಿಗೆ ಅದು?"

"ನಿಂದೇ ಕಣೆ."

ಅವಳಿಗೆ ತುಟಿ ಅರ್ಥವಾಗಲಿಲ್ಲವೇನೋ ಎಂದು ರಾಯರು ಬೆರಳಿನಿಂದ ಅವಳನ್ನೇ ತೋರಿಸಿದರು. ಅರ್ಥವಾಗಿತ್ತು. ಅವಳು ಮರಳಿನ ಮೇಲಿನ ಗುರುತುಗಳನ್ನು ನೋಡುತ್ತ ಕೂತಳು. "ಆಗಲೇ ಒಂದಿನ ಮನೇಲಿ ನಡೆದು ತೋರಿಸಿದ್ರೆ ಆಗ್ತಿತ್ತಲ್ಲಾ" ಎಂದಳು.

"ಹೋಗಲಿ ಬಿಡಿ. ಇನ್ನು ಸಿನಿಮಾ ಎಷ್ಟು ತಡ ಆದ್ರೂ ಪರವಾಗಿಲ್ಲ" ಎಂದು, ಬೀದಿಗೆಲ್ಲ ಕೇಳುವಷ್ಟು ಜೋರಾಗಿ, ಅವಳು ಅವರನ್ನು ಸಮಾಧಾನ ಮಾಡಿದಳು.